ಪಬ್ಲಿಕ್ ಡಿಫೆಂಡರ್ ಆದ ಮಗಳು ಮುಂದೆ ಫೆಡರಲ್ ಜಡ್ಜ್ ಆಗಬಹುದಾ?

ಪ್ರಶ್ನೆ: ಸರ್, ನಾವು ಹಾಸನದ ಕಡೆಯವರು. ನ್ಯೂಜೆರ್ಸಿಗೆ ಬಂದು ಇಪ್ಪತ್ತಾರು ವರ್ಷ ಆಯಿತು. ಮಗಳು ಇಲ್ಲೇ ಹುಟ್ಟಿದವಳು, ಈಗ ರಾಜ್ಯ ವಿಶ್ವವಿದ್ಯಾಲಯದ ಲಾ ಸ್ಕೂಲಿನಲ್ಲಿ ಎರಡನೇ ವರ್ಷ. ಫೆಡರಲ್ ಕೋರ್ಟಿನ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಕೋರ್ಟಿನ, ಜಡ್ಜ್ ಆಗಬೇಕು ಅಂತ ಹೈಸ್ಕೂಲಿನಿಂದ ಹೇಳುತ್ತಿದ್ದಾಳೆ. ಆದರೆ ಈ ಬೇಸಿಗೆಗೆ ದೊಡ್ಡ ಲಾ ಫರ್ಮಿನಲ್ಲಿ ಸಿಕ್ಕ ಕೆಲಸ ಬಿಟ್ಟು ಪಬ್ಲಿಕ್ ಡಿಫೆಂಡರ್ ಆಫೀಸಿಗೆ, ಅಂದರೆ ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರದ ಖರ್ಚಿನಲ್ಲಿ ವಾದಿಸುವ ವಕೀಲರ ಆಫೀಸಿಗೆ, ಹೋಗುತ್ತಾಳಂತೆ. ಕಳ್ಳತನ, ಡ್ರಗ್ಸ್ ಕೇಸಿನವರ ಪರ ನಿಂತವಳನ್ನು ನಾಳೆ ಯಾರು ಜಡ್ಜ್ ಮಾಡುತ್ತಾರೆ? ಹಾರ್ವರ್ಡ್, ಯೇಲ್ ಇಲ್ಲದಿದ್ದರೆ ಆಗಲ್ಲ, ಪ್ರಾಸಿಕ್ಯೂಟರ್ (ಆರೋಪಿಗಳ ವಿರುದ್ಧ ಸರ್ಕಾರದ ಪರ ಕೇಸು ನಡೆಸುವ ವಕೀಲರು) ಆಗಿರಲೇಬೇಕು, ಪಾರ್ಟಿಗೆ ದುಡ್ಡು ಕೊಟ್ಟಿರಬೇಕು ಅಂತ ಪರಿಚಯದವರು ಹೇಳುತ್ತಾರೆ. ನನ್ನ ದೊಡ್ಡಪ್ಪ ಊರಲ್ಲಿ ಮುನ್ಸೀಫ್ ಪರೀಕ್ಷೆ ಬರೆದು ಜಿಲ್ಲಾ ನ್ಯಾಯಾಧೀಶರಾಗಿ ರಿಟೈರ್ ಆದವರು. ಇಲ್ಲಿ ಯಾವ ಪರೀಕ್ಷೆ ಬರೆಯಬೇಕು? ಓದಿನ ಸಾಲ ಬೇರೆ ಇದೆ. ಅವಳನ್ನು ತಡೆಯಬೇಕಾ?

ಉತ್ತರ:

ತಡೆಯಬೇಡಿ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ಸಮಾಧಾನವಾಗಿ ಓದಬಹುದು. ಲಾ ಸ್ಕೂಲ್ ಮುಗಿದ ಮೇಲೆ ನಾನು ಒಂದು ವರ್ಷ ಫೆಡರಲ್ ಡಿಸ್ಟ್ರಿಕ್ಟ್ ಜಡ್ಜ್ ಒಬ್ಬರ ಹತ್ತಿರ ಕ್ಲರ್ಕ್, ಅಂದರೆ ತೀರ್ಪು ಬರೆಯಲು ನೆರವಾಗುವ ಕಾನೂನು ಸಹಾಯಕ, ಆಗಿದ್ದೆ. ಆಮೇಲೆ ಇಪ್ಪತ್ತು ವರ್ಷದಿಂದ ಅಂಥದೇ ಕೋರ್ಟುಗಳಲ್ಲಿ ಕೇಸು ನಡೆಸುತ್ತಿದ್ದೇನೆ. ನಿಮ್ಮ ಮಗಳು ಮಾಡಿರುವ ಆಯ್ಕೆಯನ್ನು ನೋಡಿ ನನಗೆ ಖುಷಿಯಾಯಿತು. ನಿಮ್ಮ ಭಯಕ್ಕೆ ಕಾರಣ ಇಲ್ಲ ಅಂತಲ್ಲ, ಇದೆ. ಆದರೆ ನೀವು ಹೆದರಬೇಕಾದ ಜಾಗ ಬೇರೆ.

ಮೊದಲು ಪರೀಕ್ಷೆಯ ವಿಷಯ. ಇಲ್ಲಿ ಪರೀಕ್ಷೆಯೇ ಇಲ್ಲ. ನಿಮ್ಮ ದೊಡ್ಡಪ್ಪನವರ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಲ್ಲಿಯದನ್ನು ನೋಡಿದರೆ ಪೂರ್ತಿ ದಾರಿ ತಪ್ಪುತ್ತದೆ. ಕರ್ನಾಟಕದಲ್ಲಿ ಹೈಕೋರ್ಟ್ ಪರೀಕ್ಷೆ ನಡೆಸುತ್ತದೆ, ಪಾಸಾದವರು ಸಿವಿಲ್ ಜಡ್ಜ್ ಆಗಿ ಸೇರುತ್ತಾರೆ, ಒಂದೊಂದೇ ಮೆಟ್ಟಿಲು ಹತ್ತಿ ಜಿಲ್ಲಾ ನ್ಯಾಯಾಧೀಶರಾಗುತ್ತಾರೆ. ಇಲ್ಲವೇ ಏಳು ವರ್ಷ ವಕೀಲಿಕೆ ಮಾಡಿದವರು ನೇರ ನೇಮಕಾತಿಗೆ ಅರ್ಜಿ ಹಾಕುತ್ತಾರೆ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇರುತ್ತದೆ, ರಿಟೈರ್ ಆಗುವ ವಯಸ್ಸೂ ಗೊತ್ತಿರುತ್ತದೆ. ಅಮೆರಿಕದ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ, ಅಂದರೆ ಫೆಡರಲ್ ಕೇಸುಗಳ ವಿಚಾರಣೆ ಮೊದಲು ನಡೆಯುವ ಕೋರ್ಟಿನಲ್ಲಿ, ಇದು ಯಾವುದೂ ಇಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮತ ಹಾಕುತ್ತದೆ, ಗೆದ್ದರೆ ಜೀವನಪೂರ್ತಿ ಅದೇ ಡಿಸ್ಟ್ರಿಕ್ಟಿನಲ್ಲಿ ಅದೇ ಕುರ್ಚಿ. ಸಂವಿಧಾನದಲ್ಲಿ ಜಡ್ಜ್‌ಗೆ ಇಂತಿಷ್ಟು ವಯಸ್ಸಾಗಿರಬೇಕು, ಕಾನೂನು ಓದಿರಬೇಕು ಅಂತ ಒಂದು ಸಾಲೂ ಇಲ್ಲ. ಇಲ್ಲಿಂದ ಮೇಲಿನ ಕೋರ್ಟಿಗೆ ಹೋಗುವುದೂ ಸೀನಿಯಾರಿಟಿ ಮೇಲೆ ಸಿಗುವ ಬಡ್ತಿ ಅಲ್ಲ. ಅದಕ್ಕೆ ಮತ್ತೆ ಹೊಸದಾಗಿ ನಾಮನಿರ್ದೇಶನ, ಮತ್ತೆ ಸೆನೆಟ್.

ನಿಯಮ ಇಲ್ಲ ಅಂದ ಕೂಡಲೇ ದುಡ್ಡು, ಪಾರ್ಟಿ, ದೊಡ್ಡ ಕಾಲೇಜಿನ ಮಾತು ಬರುವುದು ಸಹಜ ಅಲ್ವಾ. ಒಂದೊಂದಾಗಿ ನೋಡೋಣ.

ಹಾರ್ವರ್ಡ್ ಮಾತು ಸುಪ್ರೀಂ ಕೋರ್ಟಿನ ಮಟ್ಟಿಗೆ ಬಹುಪಾಲು ನಿಜ. ಡಿಸ್ಟ್ರಿಕ್ಟ್ ಕೋರ್ಟಿಗೆ ಅದನ್ನು ಅಂಟಿಸುವುದು ತಪ್ಪು. ದೂರ ಹೋಗುವುದೇ ಬೇಡ, ನಿಮ್ಮ ನ್ಯೂಜೆರ್ಸಿಯನ್ನೇ ನೋಡಿ. ಅಲ್ಲಿ ಜಡ್ಜ್ ಆಗಿರುವ ಎಸ್ತರ್ ಸಲಾಸ್ ಮತ್ತು ಜಾಹಿದ್ ಖುರೇಷಿ ಇಬ್ಬರೂ ರಟ್ಗರ್ಸ್‌ನಲ್ಲಿ ಕಾನೂನು ಓದಿದವರು, ಅಂದರೆ ನಿಮ್ಮ ರಾಜ್ಯದ್ದೇ ವಿಶ್ವವಿದ್ಯಾಲಯ. ಖುರೇಷಿಯವರ ತಂದೆ ತಾಯಿ ಪಾಕಿಸ್ತಾನದಿಂದ ಬಂದವರು. ಖುರೇಷಿ ಸೈನ್ಯದಲ್ಲಿ ವಕೀಲರಾಗಿದ್ದರು, ಎರಡು ಸಲ ಇರಾಕಿಗೆ ಹೋಗಿ ಬಂದರು. ಆಮೇಲೆ ಫೆಡರಲ್ ಪ್ರಾಸಿಕ್ಯೂಟರ್, ಆಮೇಲೆ ಖಾಸಗಿ ಫರ್ಮ್, 2019ರಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ (ಈ ಹುದ್ದೆ ಏನು ಅಂತ ಮುಂದೆ ಹೇಳುತ್ತೇನೆ), 2021ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್. ಸೆನೆಟ್‌ನಲ್ಲಿ 81-16 ಮತ ಬಂತು. ಲಾ ಸ್ಕೂಲಿನ ಹೆಸರು ಮೊದಲ ಕೆಲಸಕ್ಕೆ, ಕ್ಲರ್ಕ್ ಹುದ್ದೆಗೆ ಜಾಸ್ತಿ ಸಹಾಯ ಮಾಡುತ್ತದೆ. ಹದಿನೈದು ವರ್ಷ ಕಳೆದ ಮೇಲೆ ಕೋರ್ಟಿನಲ್ಲಿ ನೀವು ಏನು ಮಾಡಿದ್ದೀರಿ ಅನ್ನುವುದೇ ಮುಂದೆ ಬರುತ್ತದೆ.

ಇನ್ನು ಪ್ರಾಸಿಕ್ಯೂಟರ್ ಮಾತು. ಇದು ಅರ್ಧ ನಿಜ, ಅದಕ್ಕೇ ಅಷ್ಟು ಗಟ್ಟಿಯಾಗಿ ಹಬ್ಬಿದೆ. ತುಂಬಾ ಜನ ಜಡ್ಜ್‌ಗಳು ಆ ಆಫೀಸಿನಿಂದಲೇ ಬಂದಿದ್ದಾರೆ. ದಕ್ಷಿಣ ಏಷ್ಯಾ ಮೂಲದ ಮೊದಲ ಆಜೀವ ಫೆಡರಲ್ ಜಡ್ಜ್ ಅಮುಲ್ ಥಾಪರ್ ಕೆಂಟಕಿಯ ಪೂರ್ವ ಡಿಸ್ಟ್ರಿಕ್ಟಿನಲ್ಲಿ ಸರ್ಕಾರದ ಮುಖ್ಯ ವಕೀಲರಾಗಿದ್ದವರು. 2007ರ ಡಿಸೆಂಬರ್‌ನಲ್ಲಿ ಸೆನೆಟ್ ಅವರನ್ನು ಅಲ್ಲಿನ ಜಡ್ಜ್ ಹುದ್ದೆಗೆ ಒಪ್ಪಿತು. ಶಿಕಾಗೋದ ಮನೀಶ್ ಶಾ ಕೂಡ ಅದೇ ದಾರಿಯವರು. ಯಾಕೆ ಹೀಗೆ ಅಂತ ಯೋಚಿಸಿ. ಡಿಸ್ಟ್ರಿಕ್ಟ್ ಜಡ್ಜ್‌ನ ಕೆಲಸ ಅಂದರೆ ಜ್ಯೂರಿ (ತಪ್ಪಿತಸ್ಥರೋ ಅಲ್ಲವೋ ಅಂತ ಹೇಳುವ ಸಾಮಾನ್ಯ ಜನರ ತಂಡ) ಆರಿಸುವುದು, ಸಾಕ್ಷಿಯ ಮೇಲೆ ಆಕ್ಷೇಪ ಬಂದಾಗ ಆ ಕ್ಷಣದಲ್ಲೇ ತೀರ್ಮಾನ ಹೇಳುವುದು, ತಪ್ಪು ಸಾಬೀತಾದವರಿಗೆ ಶಿಕ್ಷೆ ಹಾಕುವುದು. ಇದನ್ನು ಓದಿ ಕಲಿಯೋಕೆ ಆಗುವುದಿಲ್ಲ, ನೂರು ಸಲ ಎದ್ದು ನಿಂತು ಕಲಿಯಬೇಕು. ಪ್ರಾಸಿಕ್ಯೂಟರ್‌ಗೆ ಈ ಅವಕಾಶ ಎಳೆ ವಯಸ್ಸಿನಲ್ಲೇ ಸಿಗುತ್ತದೆ. ಅದೇ ಕಟ್ಟಡದಲ್ಲಿ ದಿನಾ ಓಡಾಡುತ್ತಾರೆ, ಹಾಲಿ ಜಡ್ಜ್‌ಗಳು ಅವರ ಕೆಲಸ ನೋಡಿರುತ್ತಾರೆ, ಸೆನೆಟರ್‌ಗಳಿಗೂ ಅವರ ಹೆಸರು ಸೂಚಿಸುವುದು ಸುರಕ್ಷಿತ ಅನಿಸುತ್ತದೆ.

ಆದರೆ ಅದೇ ಕೋರ್ಟ್ ಹಾಲಿನಲ್ಲಿ ಇನ್ನೊಂದು ಮೇಜು ಇದೆಯಲ್ಲ, ಆರೋಪಿಯ ಪಕ್ಕದ್ದು. ಅಲ್ಲಿ ಕೂರುವವರು ಪಬ್ಲಿಕ್ ಡಿಫೆಂಡರ್‌ಗಳು. ಅದೇ ಜ್ಯೂರಿ, ಅದೇ ಸಾಕ್ಷಿಗಳು, ಅದೇ ಪಾಟಿ ಸವಾಲು. ಇಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲಿ ಗಿಡಿಯನ್ ಕೇಸಿನಲ್ಲಿ, ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ಹೇಳಿದ ಮೇಲೆ ಈ ಕೆಲಸ ದೇಶದ ಉದ್ದಗಲಕ್ಕೂ ಬೆಳೆಯಿತು. ನೀವು ಕಳ್ಳರ ಪರ ಅಂದಿರಿ. ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ನನ್ನ ಮನೆಯಲ್ಲೂ ಈ ಮಾತು ಬಂದಿದೆ. ಆದರೆ ಆ ವಕೀಲ ಅಲ್ಲಿ ನಿಂತಿರದಿದ್ದರೆ ಪೊಲೀಸರು ತಂದ ಸಾಕ್ಷಿ ಸರಿಯಾ ಅಂತ ಕೇಳೋರೇ ಇರಲ್ಲ. ಆ ಪ್ರಶ್ನೆ ಕೇಳಿ ಕೇಳಿ ಅಭ್ಯಾಸ ಆದವರು ಜಡ್ಜ್ ಆದಾಗ ಕೋರ್ಟಿಗೇ ಲಾಭ.

ಎಸ್ತರ್ ಸಲಾಸ್ ಅವರ ದಾರಿಯನ್ನು ನಿಮ್ಮ ಮಗಳು ಚೆನ್ನಾಗಿ ಓದಿಕೊಳ್ಳಲಿ. ಮೊದಲು ಕ್ಲರ್ಕ್ ಆಗಿದ್ದು ರಾಜ್ಯದ ಕೋರ್ಟಿನಲ್ಲಿ, ಫೆಡರಲ್ ಕೋರ್ಟಿನಲ್ಲಿ ಅಲ್ಲ. ಸ್ವಲ್ಪ ಕಾಲ ಖಾಸಗಿ ವಕೀಲಿಕೆ. 1997ರಿಂದ ಒಂಬತ್ತು ವರ್ಷ ನ್ಯೂಅರ್ಕ್‌ನಲ್ಲಿ ಫೆಡರಲ್ ಪಬ್ಲಿಕ್ ಡಿಫೆಂಡರ್. 2006ರಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್. 2011ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್. ಇವರೊಬ್ಬರೇ ಅಂತಲ್ಲ. ಗೂಗಲ್ ಸರ್ಚ್‌ನ ಏಕಸ್ವಾಮ್ಯದ ಕೇಸಿನಲ್ಲಿ 2024ರಲ್ಲಿ ತೀರ್ಪು ಕೊಟ್ಟ ಅಮಿತ್ ಮೆಹ್ತಾ ಗುಜರಾತಿನ ಪಾಟಣದಲ್ಲಿ ಹುಟ್ಟಿ ಮಗುವಾಗಿದ್ದಾಗ ಇಲ್ಲಿಗೆ ಬಂದವರು. ವಾಷಿಂಗ್ಟನ್‌ನಲ್ಲಿ ಐದು ವರ್ಷ ಪಬ್ಲಿಕ್ ಡಿಫೆಂಡರ್ ಆಗಿದ್ದರು. ಕೆಟಾಂಜಿ ಬ್ರೌನ್ ಜಾಕ್ಸನ್ 2005ರಿಂದ 2007ರವರೆಗೆ ಆ ಕೆಲಸ ಮಾಡಿ 2013ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಆದರು, 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಇನ್ನೂ ಬೇರೆ ದಾರಿಗಳಿವೆ. ಬಾಸ್ಟನ್‌ನ ಇಂದಿರಾ ತಲ್ವಾನಿ ಕಾರ್ಮಿಕರ, ಯೂನಿಯನ್‌ಗಳ ವಕೀಲರಾಗಿದ್ದರು. 2014ರಲ್ಲಿ ಅವರ ವಿರುದ್ಧ ಸೆನೆಟ್‌ನಲ್ಲಿ ಒಂದು ಮತವೂ ಬೀಳಲಿಲ್ಲ. ವಿನ್ಸ್ ಛಾಬ್ರಿಯಾ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಕೀಲರ ಆಫೀಸಿನಿಂದ ಬಂದವರು. ಮಿಶಿಗನ್‌ನ ಶಾಲಿನಾ ಕುಮಾರ್, ಫ್ಲಾರಿಡಾದ ಅನುರಾಗ್ ಸಿಂಘಲ್ ರಾಜ್ಯದ ಕೋರ್ಟಿನಲ್ಲಿ ಜಡ್ಜ್ ಆಗಿದ್ದು ಇಲ್ಲಿಗೆ ಬಂದರು. ನ್ಯೂಯಾರ್ಕಿನ ಅರುಣ್ ಸುಬ್ರಮಣಿಯನ್ ಕಾನೂನಿಗೆ ಮೊದಲು ಕಂಪ್ಯೂಟರ್ ಸೈನ್ಸ್ ಓದಿದವರು. ಆಮೇಲೆ ಮೂರು ಕೋರ್ಟುಗಳಲ್ಲಿ ಕ್ಲರ್ಕ್, ಖಾಸಗಿ ಫರ್ಮಿನಲ್ಲಿ ಪಾಲುದಾರ, 2023ರಲ್ಲಿ ಜಡ್ಜ್.

ಕೋರ್ಟಿನ ಅನುಭವ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 2017ರಲ್ಲಿ ಮ್ಯಾಥ್ಯೂ ಪೀಟರ್ಸನ್ ಅನ್ನುವವರನ್ನು ವಾಷಿಂಗ್ಟನ್‌ನ ಡಿಸ್ಟ್ರಿಕ್ಟ್ ಕೋರ್ಟಿಗೆ ಸೂಚಿಸಿದ್ದರು. ಚುನಾವಣಾ ಆಯೋಗದಲ್ಲಿ ವರ್ಷಗಟ್ಟಲೆ ಇದ್ದ ಓದಿದ ಮನುಷ್ಯ. ಸೆನೆಟ್ ಸಮಿತಿಯಲ್ಲಿ ಲೂಸಿಯಾನಾದ ಸೆನೆಟರ್ ಜಾನ್ ಕೆನಡಿ, ಅದೂ ಅಧ್ಯಕ್ಷರ ಸ್ವಂತ ಪಾರ್ಟಿಯವರು, ನೀವು ಜ್ಯೂರಿ ಮುಂದೆ ಕೇಸು ನಡೆಸಿದ್ದೀರಾ, ಸಿವಿಲ್, ಕ್ರಿಮಿನಲ್, ರಾಜ್ಯದ ಕೋರ್ಟ್, ಫೆಡರಲ್ ಕೋರ್ಟ್ ಅಂತ ಒಂದೊಂದಾಗಿ ಕೇಳುತ್ತಾ ಹೋದರು. ಎಲ್ಲಕ್ಕೂ ಇಲ್ಲ ಅನ್ನಬೇಕಾಯಿತು. ಸಾಕ್ಷ್ಯದ ಮೂಲ ಪಾಠಗಳ ಮೇಲಿನ ಪ್ರಶ್ನೆಗೂ ಉತ್ತರ ಬರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಹೆಸರು ವಾಪಸ್ ಪಡೆದರು. ನಿಮ್ಮ ಮಗಳು ಡಿಫೆಂಡರ್ ಆಫೀಸಿನಲ್ಲಿ ಐದು ವರ್ಷ ಕಳೆದರೆ ಅಂಥ ಪ್ರಶ್ನೆಗೆ ತಡವರಿಸಬೇಕಾಗಿಲ್ಲ.

ಹಾಗಂತ ಅನುಭವವೇ ಎಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಸಾಮಾನ್ಯವಾಗಿ ಹನ್ನೆರಡು ವರ್ಷದ ವಕೀಲಿಕೆ ಇರಬೇಕು ಅನ್ನುತ್ತದೆ. 2020ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಹುದ್ದೆಗೆ ಹೆಸರು ಬಂದಾಗ ಕ್ಯಾಥರಿನ್ ಮಿಜೆಲ್ ಅನ್ನುವವರಿಗೆ 33 ವರ್ಷ, ಲಾ ಸ್ಕೂಲ್ ಮುಗಿದು ಎಂಟೇ ವರ್ಷ. ಬಾರ್ ಅಸೋಸಿಯೇಷನ್ ಅರ್ಹತೆ ಸಾಲದು ಅಂದಿತು. ಸೆನೆಟ್ 49-41 ಮತದಿಂದ ಅವರನ್ನು ಒಪ್ಪಿತು. ರಾಜಕೀಯ ಇದೆ, ಖಂಡಿತ ಇದೆ. ಅದು ಎಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು.

ದುಡ್ಡು ಕೊಟ್ಟು ಕೊಳ್ಳುವ ಹುದ್ದೆ ಇದಲ್ಲ. ಆದರೆ ಯಾರೋ ನಿಮ್ಮ ಹೆಸರು ಹೇಳಬೇಕು. ಆ ಯಾರೋ ಬಹುತೇಕ ನಿಮ್ಮ ರಾಜ್ಯದ ಸೆನೆಟರ್. ಹೆಸರು ಬಂದಾಗ ಸೆನೆಟ್‌ನ ನ್ಯಾಯಾಂಗ ಸಮಿತಿ ಆ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ನೀಲಿ ಬಣ್ಣದ ಕಾಗದ ಕಳಿಸುತ್ತದೆ, ಬ್ಲೂ ಸ್ಲಿಪ್ ಅಂತಾರೆ. ಅದು ಒಪ್ಪಿಗೆಯಾಗಿ ವಾಪಸ್ ಬರದಿದ್ದರೆ ಡಿಸ್ಟ್ರಿಕ್ಟ್ ಜಡ್ಜ್ ವಿಷಯದಲ್ಲಿ ಕಡತ ಅಲ್ಲೇ ನಿಲ್ಲುವುದೇ ರೂಢಿ. ಹಾಗಾಗಿ ಅಧ್ಯಕ್ಷರು ಒಂದು ಪಾರ್ಟಿ, ಸೆನೆಟರ್‌ಗಳು ಇನ್ನೊಂದು ಪಾರ್ಟಿ ಆದಾಗ ವರ್ಷಗಟ್ಟಲೆ ಕುರ್ಚಿ ಖಾಲಿ ಬಿದ್ದಿರುತ್ತದೆ. ಎಷ್ಟೋ ಸೆನೆಟರ್‌ಗಳು ಸ್ಥಳೀಯ ವಕೀಲರ ಒಂದು ಸಮಿತಿ ಮಾಡಿ ಅರ್ಜಿ ಕರೆದು ಸಂದರ್ಶನ ಮಾಡಿಸುತ್ತಾರೆ. ಆ ಸಮಿತಿಯಲ್ಲಿ ಕೂತವರು ನಿಮ್ಮ ಎದುರು ಕೇಸು ನಡೆಸಿದವರೇ ಆಗಿರಬಹುದು. ಎದುರಾಳಿ ವಕೀಲರ ಹತ್ತಿರ ಹೇಗೆ ನಡೆದುಕೊಂಡಿರಿ, ಕೊಟ್ಟ ಮಾತು ಉಳಿಸಿಕೊಂಡಿರಾ, ಕೋರ್ಟಿಗೆ ನಿಜ ಹೇಳಿದಿರಾ, ಇದೆಲ್ಲ ಅಲ್ಲಿ ಹೊರಗೆ ಬರುತ್ತದೆ.

ಈಗ ನನ್ನ ನಿಜವಾದ ಚಿಂತೆ ಹೇಳುತ್ತೇನೆ. ದೇಶದಲ್ಲಿ 94 ಡಿಸ್ಟ್ರಿಕ್ಟ್ ಕೋರ್ಟುಗಳಿವೆ, ಎಲ್ಲ ಸೇರಿ ಜಡ್ಜ್ ಹುದ್ದೆ 670ಕ್ಕೆ ಸ್ವಲ್ಪ ಮೇಲೆ. ನ್ಯೂಜೆರ್ಸಿ ಇಡೀ ರಾಜ್ಯವೇ ಒಂದು ಡಿಸ್ಟ್ರಿಕ್ಟ್, ಅದರಲ್ಲಿ 17 ಹುದ್ದೆ. ನಿಮ್ಮ ಮಗಳಿಗೆ ನಲವತ್ತು, ನಲವತ್ತೈದು ಆದಾಗ ಆ 17ರಲ್ಲಿ ಒಂದು ಖಾಲಿಯಾಗಬೇಕು, ಆಗ ಇರುವ ಅಧ್ಯಕ್ಷರಿಗೂ ಸೆನೆಟರ್‌ಗಳಿಗೂ ಅವಳ ಹಿನ್ನೆಲೆ ಹಿಡಿಸಬೇಕು, ಸೆನೆಟ್‌ನಲ್ಲಿ ಮತ ಇರಬೇಕು. ಇದರಲ್ಲಿ ಅವಳ ಕೈಯಲ್ಲಿ ಇರುವುದು ಎಷ್ಟು? ತುಂಬಾ ಕಡಿಮೆ. ನನಗೆ ಗೊತ್ತಿರುವ ಒಬ್ಬ ವಕೀಲರು ಎಲ್ಲ ರೀತಿಯಲ್ಲೂ ಅರ್ಹರು, ಅವರ ಮುಂದೆ ನಾನು ಕೈ ಮುಗಿದು ನಿಲ್ಲುತ್ತೇನೆ. ಮೂರು ಸಲ ಕೊನೆಯ ಪಟ್ಟಿಯವರೆಗೆ ಹೋದರು, ಮೂರು ಸಲವೂ ಅಲ್ಲಿಗೇ ನಿಂತಿತು. ಆದರೂ ಅವರು ಸುಖವಾಗಿದ್ದಾರೆ, ಯಾಕೆಂದರೆ ದಿನಾ ಮಾಡುವ ಕೆಲಸ ಅವರಿಗೆ ಇಷ್ಟ. ಜಡ್ಜ್ ಆಗೋಕೆ ಅಂತ ಇಷ್ಟವಿಲ್ಲದ ಕೆಲಸವನ್ನು ಹದಿನೈದು ವರ್ಷ ಹಲ್ಲು ಕಚ್ಚಿ ಮಾಡಿದವರನ್ನೂ ನೋಡಿದ್ದೇನೆ. ಕುರ್ಚಿ ಸಿಗಲಿಲ್ಲ, ಆ ಹದಿನೈದು ವರ್ಷವೂ ವಾಪಸ್ ಬರಲಿಲ್ಲ. ನಿಮ್ಮ ಮಗಳನ್ನು ದೊಡ್ಡ ಫರ್ಮಿಗೆ ತಳ್ಳಿದರೆ ನನಗೆ ಕಾಣುವ ಅಪಾಯ ಇದೇ.

ರಾಜಕೀಯದ ಕೈ ಸ್ವಲ್ಪ ಕಡಿಮೆ ಇರುವ ಒಂದು ಬಾಗಿಲಿದೆ. ನಮ್ಮವರಿಗೆ ಅದರ ಬಗ್ಗೆ ಗೊತ್ತೇ ಇರುವುದಿಲ್ಲ. ಅದೇ ಮ್ಯಾಜಿಸ್ಟ್ರೇಟ್ ಜಡ್ಜ್. ಹೆಸರು ಕೇಳಿ ನಮ್ಮ ಊರಿನ ಮ್ಯಾಜಿಸ್ಟ್ರೇಟ್ ಅಂದುಕೊಳ್ಳಬೇಡಿ. ಇವರನ್ನು ಅಧ್ಯಕ್ಷರಲ್ಲ, ಆ ಡಿಸ್ಟ್ರಿಕ್ಟಿನ ಜಡ್ಜ್‌ಗಳೇ ನೇಮಿಸುತ್ತಾರೆ. ಐದು ವರ್ಷ ವಕೀಲಿಕೆ ಆಗಿರಬೇಕು, ಬಹಿರಂಗವಾಗಿ ಅರ್ಜಿ ಕರೆಯುತ್ತಾರೆ, ಒಂದು ಆಯ್ಕೆ ಸಮಿತಿ ನೋಡುತ್ತದೆ, ಎಂಟು ವರ್ಷದ ಅವಧಿ, ಮತ್ತೆ ಮುಂದುವರಿಸಬಹುದು. ಜಾಮೀನು, ವಾರಂಟ್, ಸಿವಿಲ್ ಕೇಸಿನ ಮೊದಲ ಹಂತದ ಜಗಳಗಳು, ಇವೆಲ್ಲ ಇವರ ಮುಂದೆ. ಸಲಾಸ್ ಮತ್ತು ಖುರೇಷಿ ಇಬ್ಬರೂ ಈ ಬಾಗಿಲಿನಿಂದ ಬಂದವರೇ ಅನ್ನುವುದನ್ನು ಗಮನಿಸಿದಿರಾ? ಬ್ರೂಕ್ಲಿನ್‌ನಲ್ಲಿ ಸಂಕೇತ್ ಬುಲ್ಸಾರಾ ಕೂಡ 2017ರಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿ 2024ರಲ್ಲಿ ಅದೇ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್ ಆದರು. ಮುಂದೆ ಹೋಗದಿದ್ದರೂ ಅದು ತುಂಬು ಜೀವನದ ಕೆಲಸ.

ಡಿಫೆಂಡರ್ ದಾರಿಯ ಅಪಾಯವನ್ನೂ ಮುಚ್ಚಿಡುವುದಿಲ್ಲ. ಬೈಡನ್ ಆಡಳಿತ ಶುರುವಾಗುವ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಪಬ್ಲಿಕ್ ಡಿಫೆಂಡರ್‌ಗಳ, ನಾಗರಿಕ ಹಕ್ಕುಗಳ ವಕೀಲರ ಹೆಸರು ಕಳಿಸಿ ಅಂತ ಅವರ ಕಡೆಯಿಂದ ಸೆನೆಟರ್‌ಗಳಿಗೆ ಪತ್ರ ಹೋಗಿತ್ತು. ಆ ಗಾಳಿ ಯಾವಾಗಲೂ ಒಂದೇ ಕಡೆ ಬೀಸುವುದಿಲ್ಲ. ಜಾಕ್ಸನ್ ಅವರನ್ನು 2013ರಲ್ಲಿ ಡಿಸ್ಟ್ರಿಕ್ಟ್ ಕೋರ್ಟಿಗೆ ಧ್ವನಿಮತದಿಂದ ಒಪ್ಪಿದ ಸೆನೆಟ್‌ನಲ್ಲೇ 2022ರಲ್ಲಿ ಅವರು ಯಾರ ಯಾರ ಪರ ವಕಾಲತ್ತು ವಹಿಸಿದ್ದರು ಅಂತ ಗಂಟೆಗಟ್ಟಲೆ ಪ್ರಶ್ನೆ ಬಂತು. ಗೆದ್ದಿದ್ದು 53-47ರಲ್ಲಿ. ಪ್ರಾಸಿಕ್ಯೂಟರ್‌ಗೆ ಈ ಕಾಟ ಕಡಿಮೆ. ಡಿಫೆಂಡರ್ ಆಗಿ ಕೆಲವು ವರ್ಷ ಇದ್ದು ಆಮೇಲೆ ಮೆಹ್ತಾ ಅವರ ಹಾಗೆ ಖಾಸಗಿ ಫರ್ಮಿಗೆ ಹೋಗಿ ಎರಡೂ ಕಡೆಯ ಕೇಸು ನೋಡುವುದು ಒಂದು ಮಧ್ಯದ ದಾರಿ.

ಸಾಲದ ಮಾತು. ನ್ಯೂಯಾರ್ಕಿನ ದೊಡ್ಡ ಫರ್ಮುಗಳು ಮೊದಲ ವರ್ಷದ ವಕೀಲರಿಗೆ 2,25,000 ಡಾಲರ್ ಕೊಡುತ್ತವೆ. ಡಿಸ್ಟ್ರಿಕ್ಟ್ ಜಡ್ಜ್ ಸಂಬಳ 2025ರಲ್ಲಿ 2,47,400 ಡಾಲರ್. ಅಂದರೆ ಹೊಸದಾಗಿ ಸೇರಿದ ಹುಡುಗ ಹುಡುಗಿಗೂ, ಇಪ್ಪತ್ತು ವರ್ಷ ದುಡಿದು ಜಡ್ಜ್ ಆದವರಿಗೂ ಅಷ್ಟೇ ವ್ಯತ್ಯಾಸ. ದುಡ್ಡೇ ಮುಖ್ಯ ಅಂದರೆ ಈ ದಾರಿಯೇ ಬೇಡ. ಆದರೆ ಡಿಫೆಂಡರ್ ಆಫೀಸಿನಂಥ ಸಾರ್ವಜನಿಕ ಕೆಲಸದಲ್ಲಿದ್ದವರಿಗೆ 120 ತಿಂಗಳ ಕಂತು ಕಟ್ಟಿದ ಮೇಲೆ ಉಳಿದ ಫೆಡರಲ್ ಸಾಲ ಮನ್ನಾ ಮಾಡುವ ಯೋಜನೆ ಇದೆ. ನಿಯಮ ಆಗಾಗ ಬದಲಾಗುತ್ತಿರುತ್ತದೆ, ಲಾ ಸ್ಕೂಲಿನ ಸಾಲದ ಆಫೀಸಿನಲ್ಲಿ ಕೂತು ಅವಳ ಸಾಲಕ್ಕೆ ಅನ್ವಯಿಸುತ್ತದಾ ಅಂತ ಈಗಲೇ ಖಚಿತ ಮಾಡಿಕೊಳ್ಳಿ. ಖಾಸಗಿ ಬ್ಯಾಂಕಿನ ಸಾಲಕ್ಕೆ ಇದು ಇಲ್ಲ.

ಈ ವರ್ಷ ಅವಳು ಮಾಡಬೇಕಾದ ಒಂದು ಕೆಲಸ ಇದೆ, ಕ್ಲರ್ಕ್ ಹುದ್ದೆಗೆ ಅರ್ಜಿ. ಗುಮಾಸ್ತೆ ಕೆಲಸ ಅಂದುಕೊಳ್ಳಬೇಡಿ. ಜಡ್ಜ್ ಜೊತೆ ಒಂದು ಅಥವಾ ಎರಡು ವರ್ಷ ಕೂತು, ಕಾನೂನು ಹುಡುಕಿ, ತೀರ್ಪಿನ ಕರಡು ಬರೆಯುವ ಕೆಲಸ ಅದು. ಎರಡನೇ ವರ್ಷ ಮುಗಿದ ಜೂನ್‌ನಲ್ಲಿ ಎಷ್ಟೋ ಫೆಡರಲ್ ಜಡ್ಜ್‌ಗಳು ಅರ್ಜಿ ನೋಡಲು ಶುರು ಮಾಡುತ್ತಾರೆ, ಹಾಗಾಗಿ ಪ್ರೊಫೆಸರ್‌ಗಳ ಶಿಫಾರಸು ಪತ್ರಕ್ಕೆ ಈಗಲೇ ಕೇಳಬೇಕು. ಫೆಡರಲ್ ಸಿಗದಿದ್ದರೆ ರಾಜ್ಯದ ಕೋರ್ಟ್ ಆಗಲಿ. ಇನ್ನೊಂದು ಮಾತು, ಫೇಸ್‌ಬುಕ್, ಎಕ್ಸ್‌ನಲ್ಲಿ ಬರೆಯುವಾಗ ಎಚ್ಚರ ಇರಲಿ. ಸೆನೆಟ್‌ನ ಪ್ರಶ್ನಾವಳಿ ನೀವು ಬರೆದದ್ದು, ಭಾಷಣ ಮಾಡಿದ್ದು ಎಲ್ಲ ಕೇಳುತ್ತದೆ, ನಡೆಸಿದ ಹತ್ತು ಮುಖ್ಯ ಕೇಸುಗಳ ವಿವರ ಕೇಳುತ್ತದೆ. ಎಫ್‌ಬಿಐನವರು ಅಕ್ಕಪಕ್ಕದ ಮನೆಯವರನ್ನೂ ಮಾತಾಡಿಸುತ್ತಾರೆ.

ಕೊನೆಗೆ ಒಂದು ವಿಷಯ. ಹೇಳೋಕೆ ಕಷ್ಟ, ಆದರೆ ತಾಯಿಗೆ ಹೇಳದೆ ಬಿಡಬಾರದು. ನ್ಯೂಜೆರ್ಸಿಯವರಾದ ನಿಮಗೆ ನೆನಪಿರಬಹುದು. 2020ರ ಜುಲೈನಲ್ಲಿ ಇದೇ ಎಸ್ತರ್ ಸಲಾಸ್ ಅವರ ಮನೆ ಬಾಗಿಲಿಗೆ ಪಾರ್ಸೆಲ್ ತಂದವನ ವೇಷದಲ್ಲಿ ಒಬ್ಬ ಬಂದು ಗುಂಡು ಹಾರಿಸಿದ. ಅವರ ಒಬ್ಬನೇ ಮಗ ಡೇನಿಯಲ್ ತೀರಿಕೊಂಡ, ಅವನಿಗೆ ಇಪ್ಪತ್ತು ವರ್ಷ. ಗಂಡನಿಗೆ ತೀವ್ರ ಗಾಯವಾಯಿತು. ಕೊಂದವನು ಅವರ ಕೋರ್ಟಿನಲ್ಲಿ ಕೇಸು ಹಾಕಿದ್ದ ಒಬ್ಬ ವಕೀಲ. ಸಲಾಸ್ ಕೆಲಸ ಬಿಡಲಿಲ್ಲ. ಜಡ್ಜ್‌ಗಳ ಮನೆ ವಿಳಾಸ ಇಂಟರ್ನೆಟ್ಟಿನಲ್ಲಿ ಸಿಗದಂತೆ ಮಾಡಿ ಅಂತ ಹೋರಾಡಿದರು, 2022ರ ಡಿಸೆಂಬರ್‌ನಲ್ಲಿ ಮಗನ ಹೆಸರಿನಲ್ಲೇ ಕಾನೂನು ಬಂತು. ಈ ಕುರ್ಚಿಗೆ ಇಂಥ ಬೆಲೆಯೂ ಇದೆ. ನೀವು ಹೆದರಬೇಕಾದ ಜಾಗ ಬೇರೆ ಅಂತ ನಾನು ಮೊದಲು ಅಂದಿದ್ದರಲ್ಲಿ ಇದೂ ಸೇರಿತ್ತು.

ನಾನು ಕ್ಲರ್ಕ್ ಆಗಿದ್ದಾಗ ನಮ್ಮ ಜಡ್ಜ್ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರುತ್ತಿದ್ದುದು ಶಿಕ್ಷೆ ಹೇಳುವ ಹಿಂದಿನ ದಿನ. ಆರೋಪಿಯ ತಾಯಿ ಬರೆದ ಪತ್ರ, ಹಾನಿಗೊಳಗಾದವರು ಬರೆದ ಪತ್ರ, ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದುತ್ತಿದ್ದರು. ಅವರು ಪ್ರಾಸಿಕ್ಯೂಟರ್ ಆಗಿದ್ದವರು. ಎದುರಿನ ಮೇಜಿನಲ್ಲಿ ಒಂದೆರಡು ವರ್ಷ ಕೂತಿದ್ದರೆ ಈ ಪತ್ರಗಳನ್ನು ಓದಲು ಬೇಗ ಕಲಿಯುತ್ತಿದ್ದೆ ಅಂತ ಒಮ್ಮೆ ನನಗೆ ಹೇಳಿದ್ದರು.

ನೀವು ಒಂದು ಕೆಲಸ ಮಾಡಿ ಅಕ್ಕ. ಫೆಡರಲ್ ಕೋರ್ಟಿನ ಕಲಾಪ ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಿ ನೋಡಬಹುದು, ಟಿಕೆಟ್ ಇಲ್ಲ, ಅನುಮತಿ ಬೇಡ, ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ನ್ಯೂಅರ್ಕ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಕೋರ್ಟ್ ಕಟ್ಟಡ ಇದೆ. ಮಗಳನ್ನೇ ಕರೆದುಕೊಂಡು ಒಂದು ದಿನ ಬೆಳಿಗ್ಗೆ ಹೋಗಿ, ಶಿಕ್ಷೆ ಹೇಳುವ ವಿಚಾರಣೆ ಇರುವ ದಿನ ನೋಡಿಕೊಂಡು ಹೋಗಿ. ಹಿಂದಿನ ಬೆಂಚಿನಲ್ಲಿ ಕೂತು ಎರಡು ಮೇಜುಗಳನ್ನೂ ನೋಡಿ. ಆಚೆ ಬಂದ ಮೇಲೆ ಈ ಬೇಸಿಗೆ ಯಾವ ಮೇಜಿನ ಹತ್ತಿರ ಇರಬೇಕು ಅಂತ ಅವಳನ್ನು ಕೇಳಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.